ಮಂದ್ರದ ಶುದ್ಧ ರಿಷಭ

ಪೆಟ್ಟಿಗೆಯನ್ನು ಮಲಗಿಸಿಕೊಂಡೇ ತೆಗೆಯಿರಿ. ನಿಲ್ಲಿಸಿ ಕ್ಲಿಪ್ ಬಿಚ್ಚಿದರೆ ಹತ್ತು ಕಿಲೋ ಹತ್ತಿರದ ಹಿತ್ತಾಳೆ ನೇರ ಮೊಣಕಾಲ ಮೇಲೆ ಬರುತ್ತದೆ. ನೆಗ್ಗುವುದು ಎರಡರಲ್ಲಿ ಯಾವುದಾದರೂ ಒಂದು. ಕ್ಲಿಪ್‌ಗಳಲ್ಲಿ ಒಂದಕ್ಕೆ ತುಕ್ಕು ಹಿಡಿದಿದೆ, ಚಮಚದ ಹಿಡಿಯಿಂದ ಎಬ್ಬಿಸಿ. ಮುಚ್ಚಳ ಮೇಲೆದ್ದ ಕೂಡಲೇ ಹಳೆಯ ವೆಲ್ವೆಟ್, ವಾಲ್ವ್ ಎಣ್ಣೆ, ಯಾರದೋ ಎಷ್ಟೋ ವರ್ಷಗಳ ಉಸಿರು ಎಲ್ಲ ಸೇರಿದ ವಾಸನೆ ಮೂಗಿಗೆ ಹೊಡೆಯುತ್ತದೆ.

ಕಾಚಿಗುಡದ ಎರಡನೇ ಮಹಡಿಯ ಮನೆ. ಮೇ ತಿಂಗಳು, ಬೆಳಿಗ್ಗೆ ಆರು ದಾಟಿದೆಯಷ್ಟೆ. ಕಿಟಕಿ ತೆರೆದಿದೆ. ನಿಜಾಮರ ರೈಲ್ವೆಯವರು 1916ರಲ್ಲಿ ಕಟ್ಟಿಸಿದ ಸ್ಟೇಷನ್ನಿನ ಕಡೆಯಿಂದ ಎಂಜಿನ್ನಿನ ಹಾರ್ನ್ ಕೇಳಿಸುತ್ತದೆ; ಮೈಸೂರಿನ ರೈಲು ಹೊರಡುವುದೂ ಅಲ್ಲಿಂದಲೇ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎರಡೂ ಇರುವ ಪ್ರದೇಶ ಇದು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಆಗ ಬಂದು ನೆಲೆ ನಿಂತವರ ಮೊಮ್ಮಕ್ಕಳು ಇನ್ನೂ ಇಲ್ಲಿದ್ದಾರೆ. ಹಾಗಾಗಿ ಈ ಪೆಟ್ಟಿಗೆ ಮೆಟ್ಟಿಲು ಹತ್ತಿದಾಗ ಎದುರಾದ ಪ್ರಶ್ನೆ ಒಂದೇ ಆದರೂ ಭಾಷೆ ಮೂರು: ಹಾಲಿನವನು ತೆಲುಗಿನಲ್ಲಿ ಕೇಳಿದ, ಎದುರು ಮನೆಯವರು ಉರ್ದುವಿನಲ್ಲಿ ಕೇಳಿದರು, ಮನೆಯ ಹಿರಿಯರು ಕನ್ನಡದಲ್ಲಿ. ಇಷ್ಟು ದೊಡ್ಡದು ಯಾಕೆ?

ಎರಡೂ ಕೈ ಕೊಟ್ಟು ಎತ್ತಿ. ಬಾಯಿ ಹತ್ತೊಂಬತ್ತು ಇಂಚು ಅಗಲ. ಬೆಸ್ಸನ್ ಕಂಪನಿ ಇಂಗ್ಲೆಂಡಿನಲ್ಲಿ ತಯಾರಿಸುತ್ತಿದ್ದ ಕಾಲದ ಇ ಫ್ಲಾಟ್ ಟ್ಯೂಬಾ, ನಾಲ್ಕು ವಾಲ್ವ್, ಕಾಂಪೆನ್ಸೇಟಿಂಗ್. ಹೊಸತಾದರೆ ಲಕ್ಷಗಳ ಮಾತು. ಇದು ಸೆಕೆಂಡ್ ಹ್ಯಾಂಡ್. ಮೈಮೇಲಿನ ಲ್ಯಾಕರ್ ಎಲ್ಲೆಲ್ಲಿ ಹೋಗಿದೆ ನೋಡಿ. ಎಡಗೈ ಅಂಗೈ ಕೂರುವ ಜಾಗದಲ್ಲಿ ಪೂರ್ತಿ ಹೋಗಿ ಹಿತ್ತಾಳೆ ಕಂದಿದೆ. ಬಲಗಡೆ ಮೇಲಿನ ಮೂರು ಬಟನ್‌ಗಳ ಮುತ್ತಿನ ಚಿಪ್ಪು ಹೊಳೆಯುತ್ತಿದೆ, ಪಕ್ಕದಲ್ಲಿರುವ ನಾಲ್ಕನೆಯದರ ಚಿಪ್ಪು ಮಾತ್ರ ನಡುವೆ ತಗ್ಗಾಗಿದೆ. ಹಿಂದೆ ನುಡಿಸುತ್ತಿದ್ದವರು ಯಾರೋ ಗೊತ್ತಿಲ್ಲ, ಆದರೆ ಈ ವಾದ್ಯವನ್ನು ಯಾಕೆ ಕೊಳ್ಳಬೇಕೋ ಅದಕ್ಕೇ ಕೊಂಡವರು. ನಾಲ್ಕನೇ ವಾಲ್ವನ್ನು ದುಡಿಸಿದ್ದಾರೆ.

ಕುರ್ಚಿಯ ಅಂಚಿಗೆ ಬನ್ನಿ. ಟ್ಯೂಬಾದ ಬುಡ ತೊಡೆಯ ಮೇಲೆ, ಬಾಯಿ ಸೂರಿನ ಕಡೆ. ಬಲಗೈಯ ಮೂರು ಬೆರಳು ಮೇಲಿನ ಮೂರು ವಾಲ್ವ್‌ಗಳ ಮೇಲೆ. ಎಡಗೈ ವಾದ್ಯವನ್ನು ಬಳಸಿ ಬಂದು ಪಕ್ಕದ ನಾಲ್ಕನೇ ವಾಲ್ವಿಗೆ. ಮೊದಮೊದಲು ಈ ಕೈ ಕೆಲಸ ಮಾಡಲು ಒಪ್ಪುವುದಿಲ್ಲ. ಬಲಗೈಯ ಕಿರುಬೆರಳೇ ನಾಲ್ಕನೆಯದನ್ನು ಒತ್ತುವ ಟ್ಯೂಬಾಗಳೂ ಇವೆ, ಆದರೆ ಈ ವಾಲ್ವಿನ ಸ್ಪ್ರಿಂಗ್ ಒತ್ತಿದರೆ ಗೊತ್ತಾಗುತ್ತದೆ, ಕಿರುಬೆರಳಿನ ಕೈಲಾಗುವ ಕೆಲಸವಲ್ಲ.

ಫೋನಿನಲ್ಲಿ ತಂಬೂರಿ ಹಚ್ಚಿ. ಇ ಫ್ಲಾಟ್ ಅಂದರೆ ಹಾರ್ಮೋನಿಯಂನ ಕಪ್ಪು ಎರಡು, ಕಚೇರಿಯವರ ಲೆಕ್ಕದಲ್ಲಿ ಎರಡೂವರೆ ಕಟ್ಟೆ. ಯಾವ ವಾಲ್ವನ್ನೂ ಒತ್ತದೆ ಊದಿ. ಷಡ್ಜ. ತುಟಿ ಸ್ವಲ್ಪ ಬಿಗಿಮಾಡಿ, ಪಂಚಮ. ಇನ್ನೂ ಬಿಗಿ, ಮೇಲಿನ ಷಡ್ಜ. ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪಂಚಮ. ಸುಮಾರು ನಾಲ್ಕು ಮೀಟರ್ ಉದ್ದದ ಕೊಳವೆ ತನ್ನಷ್ಟಕ್ಕೆ ಕೊಡುವುದು ಇಷ್ಟನ್ನೇ. ನಡುವಿನ ಖಾಲಿ ಜಾಗ ತುಂಬಲು ವಾಲ್ವ್ ಬೇಕು. ಎರಡನೆಯದು ಒತ್ತಿದರೆ ಕೊಳವೆಗೆ ಒಂದು ಸುತ್ತು ಸೇರಿ ಷಡ್ಜ ಕಾಕಲಿ ನಿಷಾದಕ್ಕೆ ಇಳಿಯುತ್ತದೆ. ಒಂದನೆಯದಕ್ಕೆ ಕೈಶಿಕಿ ನಿಷಾದ. ಮೂರನೆಯದಕ್ಕೆ ಚತುಃಶ್ರುತಿ ಧೈವತ. ನಾಲ್ಕನೆಯದು ಒಂದೇ ಸಲಕ್ಕೆ ಪಂಚಮಕ್ಕೆ ತಂದುಬಿಡುತ್ತದೆ.

ಇಲ್ಲಿವರೆಗೆ ಎಲ್ಲ ಸರಿ. ತಕರಾರು ಶುರುವಾಗುವುದು ಎರಡು ವಾಲ್ವ್ ಒಟ್ಟಿಗೆ ಒತ್ತಿದಾಗ.

ಲೆಕ್ಕ ಹೀಗಿದೆ. ಅರ್ಧ ಸ್ವರ ಇಳಿಸಬೇಕಾದರೆ ಕೊಳವೆಯ ಉದ್ದವನ್ನು ಶೇಕಡ 6ರಷ್ಟು ಹೆಚ್ಚಿಸಬೇಕು. ನಾಲ್ಕು ಮೀಟರಿಗೆ ಅದು ಸುಮಾರು 24 ಸೆಂಟಿಮೀಟರ್. ಎರಡನೇ ವಾಲ್ವಿನ ಸುತ್ತು ಅಷ್ಟೇ ಉದ್ದ ಇದೆ. ಈಗ ನಾಲ್ಕನೆಯದನ್ನು ಒತ್ತಿ. ಕೊಳವೆ ಐದೂ ಕಾಲು ಮೀಟರಿಗಿಂತ ಉದ್ದವಾಯಿತು. ಅದರ ಶೇಕಡ 6 ಅಂದರೆ ಸುಮಾರು 32 ಸೆಂಟಿಮೀಟರ್. ಎರಡನೇ ವಾಲ್ವಿನ ಬಳಿ ಇರುವುದು ಅದೇ ಹಳೇ 24. ಅಂಗಳ ದೊಡ್ಡದು ಮಾಡಿ ಮೊದಲಿನ ಚಾಪೆಯನ್ನೇ ಹಾಸಿದ ಹಾಗೆ, ಅಂಚಿನಲ್ಲಿ ಎಂಟು ಸೆಂಟಿಮೀಟರ್ ನೆಲ ಕಾಣುತ್ತದೆ. ಸ್ವರ ಏರಿಬಿಡುತ್ತದೆ. ಒತ್ತಿದ ವಾಲ್ವ್‌ಗಳು ಹೆಚ್ಚಾದಷ್ಟೂ ಕೊರತೆ ಹೆಚ್ಚು. ಅರ್ಧ ಸ್ವರವನ್ನು ನೂರು ಸೆಂಟ್ ಎಂದು ಎಣಿಸುವುದು ವಾಡಿಕೆ. ಕಾಂಪೆನ್ಸೇಟಿಂಗ್ ಅಲ್ಲದ ನಾಲ್ಕು ವಾಲ್ವಿನ ಟ್ಯೂಬಾದಲ್ಲಿ ಒಂದು, ಎರಡು, ನಾಲ್ಕು ಒತ್ತಿ ಮಂದ್ರದ ಅಂತರ ಗಾಂಧಾರ ಹಿಡಿಯಲು ಹೋದರೆ ಲೆಕ್ಕದ ಪ್ರಕಾರ ಅದು ಸುಮಾರು 80 ಸೆಂಟ್ ಮೇಲಿರುತ್ತದೆ. ಅದನ್ನು ಗಾಂಧಾರ ಎನ್ನುವುದಕ್ಕಿಂತ ಮಧ್ಯಮ ಎನ್ನುವುದೇ ವಾಸಿ.

ನಾಲ್ಕನ್ನೂ ಒತ್ತಿದರೆ? ಷಡ್ಜದಿಂದ ಹನ್ನೊಂದು ಅರ್ಧ ಸ್ವರ ಇಳಿದು ಕೆಳಗಿನ ಷಡ್ಜದ ನೆತ್ತಿಯ ಮೇಲಿರುವ ಶುದ್ಧ ರಿಷಭ ಮುಟ್ಟಬೇಕು. ಒಂಬತ್ತಕ್ಕಿಂತ ಚೂರು ಮುಂದೆ ಹೋಗಿ ನಿಂತುಬಿಡುತ್ತದೆ. ಆ ರಿಷಭ ಅಲ್ಲಿ ಇಲ್ಲವೇ ಇಲ್ಲ.

ಪಾಶ್ಚಾತ್ಯ ಬ್ಯಾಂಡಿನವರಿಗೆ ಇದು ದೊಡ್ಡ ಕೊರತೆ ಅನ್ನಿಸದೇ ಇರಬಹುದು, ಅವರಿಗೆ ಅಷ್ಟು ಕೆಳಗೆ ಕೆಲಸ ಅಪರೂಪ. ನಮಗೆ ಹಾಗಲ್ಲ. ಸಂಗೀತಕ್ಕೆ ಸೇರಿದ ಮೊದಲ ದಿನ ಹೇಳಿಕೊಡುವುದೇ ಮಾಯಾಮಾಳವಗೌಳ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ನಂಬಿಕೆ. ಅದರ ಎರಡನೇ ಸ್ವರವೇ ಶುದ್ಧ ರಿಷಭ. ಮಂದ್ರದಲ್ಲಿ ಸರಳೆ ವರಸೆಯ ಎರಡನೇ ಅಕ್ಷರಕ್ಕೇ ಬಾಯಿ ಕಟ್ಟುವ ವಾದ್ಯ ತಗೊಂಡು ಏನು ಮಾಡುವುದು?

ಟ್ಯೂಬಾವನ್ನು ನಿಧಾನಕ್ಕೆ ತಿರುಗಿಸಿ, ಹಿಂಭಾಗ ಕಿಟಕಿಯ ಬೆಳಕಿಗೆ ಬರಲಿ. ವಾಲ್ವ್‌ಗಳ ಬೆನ್ನಿಗೆ ಇನ್ನೊಂದು ಗುಂಪು ಚಿಕ್ಕ ಸುತ್ತುಗಳು ಕಾಣುತ್ತವೆ. ಎರಡನೆಯದರ ಹಿಂದಿರುವುದಂತೂ ಹೆಬ್ಬೆರಳಿನಷ್ಟು. ನಾವು ಹುಡುಕುತ್ತಿದ್ದ ಎಂಟು ಸೆಂಟಿಮೀಟರ್ ಅಲ್ಲೇ ಇದೆ. ಬರ್ಲಿನ್ನಿನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ 1835ರಲ್ಲಿ ಬಾಸ್ ಟ್ಯೂಬಾಕ್ಕೆ ಪೇಟೆಂಟ್ ತಗೊಂಡಾಗ ಇದು ಇರಲಿಲ್ಲ. ಸುಮಾರು ನಲವತ್ತು ವರ್ಷ ಬಿಟ್ಟು, 1874ರಲ್ಲಿ, ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ ಎಂಬ ಧ್ವನಿಶಾಸ್ತ್ರ ಬಲ್ಲ ಮನುಷ್ಯ ಯೋಚಿಸಿದ್ದು ಇದು. ಪೂರಕ ಕೊಳವೆಯನ್ನು ಮೊದಲೇ ಕಟ್ಟಿ ಇಟ್ಟುಬಿಡುವುದು, ಬೇಕಾದಾಗ ಮಾತ್ರ ಉಸಿರು ಅದರೊಳಗೆ ಹೋಗುವಂತೆ ಮಾಡುವುದು. ಕಾಂಪೆನ್ಸೇಟಿಂಗ್ ಎಂದರೆ ಇದೇ. ನಾಲ್ಕನೇ ವಾಲ್ವ್ ಒತ್ತಿದರೆ ಗಾಳಿ ಅದರ ದೊಡ್ಡ ಸುತ್ತು ಮುಗಿಸಿ ನೇರ ಬಾಯಿಗೆ ಹೋಗದೆ ವಾಪಸು ಬಂದು, ಅದೇ ಮೂರು ವಾಲ್ವ್‌ಗಳನ್ನು ಇನ್ನೊಮ್ಮೆ ಹಾದು ಹೋಗುತ್ತದೆ. ಆ ಎರಡನೇ ಸುತ್ತಿನಲ್ಲಿ ಯಾವ ವಾಲ್ವ್ ಒತ್ತಿದೆಯೋ ಅದರ ಹಿಂದಿನ ಚಿಕ್ಕ ಕೊಳವೆಯೂ ಲೆಕ್ಕಕ್ಕೆ ಸೇರುತ್ತದೆ. ನಾಲ್ಕನೆಯದನ್ನು ಬಿಟ್ಟರೆ ಆ ಕೊಳವೆಗಳು ಇದ್ದೂ ಇಲ್ಲದಂತೆ.

ಬೆರಳಿಗೆ ಇದೇನೂ ಗೊತ್ತಾಗುವುದಿಲ್ಲ, ಅದೇ ಇದರ ಚಂದ. ಸ್ಲೈಡ್ ಎಳೆಯಬೇಕಿಲ್ಲ, ಲಿವರ್ ಮೀಟಬೇಕಿಲ್ಲ.

ಒಳಗೆ ನೋಡಲೇಬೇಕು. ಎರಡನೇ ವಾಲ್ವಿನ ಮುಚ್ಚಳ ತಿರುಗಿಸಿ, ಪಿಸ್ಟನ್ನನ್ನು ನೇರ ಮೇಲಕ್ಕೆ ಎಳೆಯಿರಿ. ಅವಸರ ಬೇಡ, ಓರೆಯಾದರೆ ಗೀರು ಬೀಳುತ್ತದೆ. ಹೊರಗೆ ಬಂದದ್ದು ನೀವು ಎಣಿಸಿದ್ದಕ್ಕಿಂತ ಉದ್ದ. ಬದಿಯಲ್ಲಿ ತೂತುಗಳು ಎರಡು ಅಂತಸ್ತಾಗಿವೆ, ಮೊದಲ ಸುತ್ತಿನ ಗಾಳಿಗೆ ಒಂದು, ಮರಳಿ ಬರುವ ಗಾಳಿಗೆ ಇನ್ನೊಂದು. ಒಂದು ತೂತಿಗೆ ಕಣ್ಣಿಟ್ಟು ಬೆಳಕಿಗೆ ಹಿಡಿದರೆ ಇನ್ನೊಂದು ಹಾದಿಯ ಉಬ್ಬು ಒಳಗೆ ಚಾಚಿಕೊಂಡಿರುವುದು ಕಾಣುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ಹಾದಿಗಳನ್ನು ತೂರಿಸಿದ ಕಸುಬುಗಾರಿಕೆ ದೊಡ್ಡದೇ, ಆದರೆ ಊದುವಾಗ ಒಂದು ಬಿಗಿತ ಯಾಕೆ ಬರುತ್ತದೆ ಎನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ. ನಾಲ್ಕನೆಯದರ ಪಿಸ್ಟನ್ ತೆಗೆದು ಪಕ್ಕಕ್ಕಿಟ್ಟು ನೋಡಿ: ಗಿಡ್ಡ, ಒಂದೇ ಅಂತಸ್ತು. ಹಾದಿ ತಿರುಗಿಸುವುದಷ್ಟೇ ಅದರ ಕೆಲಸ.

ಎಣ್ಣೆ ಹಾಕಿ, ಪಿಸ್ಟನ್ ಮೇಲೆ ಕೊರೆದ ಅಂಕಿ ನೋಡಿಕೊಂಡು, ಆಯಾ ಮನೆಗೇ ಇಳಿಸಿ. ಅದಲು ಬದಲಾದರೆ ಊದಿದ ಗಾಳಿ ಮುಖಕ್ಕೇ ವಾಪಸು. ಈಗ ಒಂದು ಪರೀಕ್ಷೆ. ಯಾವ ವಾಲ್ವನ್ನೂ ಒತ್ತದೆ ಒಂದನೇ ಸ್ಲೈಡನ್ನು ಚುರುಕಾಗಿ ಹೊರಗೆಳೆಯಿರಿ. ‘ಟಪ್’ ಎಂದರೆ ಪಿಸ್ಟನ್ ಸವೆದಿಲ್ಲ, ಗಾಳಿ ಸೋರುತ್ತಿಲ್ಲ. ಮೂರನೆಯದೂ ಟಪ್ ಎನ್ನುತ್ತದೆ. ನಾಲ್ಕನೆಯದು ಸ್ವಲ್ಪ ಮೆತ್ತಗೆ, ಹಿಂದಿನವರು ದುಡಿಸಿದ್ದಕ್ಕೆ ಅಷ್ಟಾದರೂ ಇರಬೇಕಲ್ಲ.

ಹಳೆಯ ಬ್ರಿಟಿಷ್ ವಾದ್ಯ ಕೊಳ್ಳುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು. 1960ರ ದಶಕದವರೆಗೆ ಅಲ್ಲಿನ ಬ್ರಾಸ್ ಬ್ಯಾಂಡುಗಳ ಶ್ರುತಿ ಇಂದಿನದಕ್ಕಿಂತ ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧದಷ್ಟು ಮೇಲಿತ್ತು. ಆ ಕಾಲದ ಟ್ಯೂಬಾ ಕೈಗೆ ಸಿಕ್ಕರೆ ಯಾವ ಸ್ಲೈಡ್ ಎಷ್ಟು ಎಳೆದರೂ ಇಂದಿನ ಹಾರ್ಮೋನಿಯಂಗೆ ಕೂಡಿಬರುವುದು ಕಷ್ಟ. ಇದು ಆಮೇಲಿನದು, ಕೂಡುತ್ತದೆ.

ಕೂಡುತ್ತದೆ ಎಂದರೆ, ಬೆಳಿಗ್ಗೆ. ಗಂಟೆ ಹನ್ನೊಂದಾಗಲಿ. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತದೆ, ಸೂರಿನ ಫ್ಯಾನು ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿದೆ. ತಂಬೂರಿಯ ಜೊತೆ ಷಡ್ಜ ಊದಿ: ಎರಡು ಸ್ವರಗಳ ನಡುವೆ ‘ವ್ವ, ವ್ವ, ವ್ವ’ ಎಂಬ ಅಲುಗಾಟ. ಬಿಸಿಗಾಳಿಯಲ್ಲಿ ಶಬ್ದ ವೇಗವಾಗಿ ಓಡುತ್ತದೆ, ಒಂದು ಡಿಗ್ರಿ ಏರಿದರೆ ಸ್ವರ ಸುಮಾರು ಮೂರು ಸೆಂಟ್ ಏರುತ್ತದೆ. ಬೆಳಗಿನ 29 ಡಿಗ್ರಿಯಿಂದ ಮಧ್ಯಾಹ್ನದ 40ಕ್ಕೆ ಬಂದರೆ ಮೂವತ್ತು ಸೆಂಟಿಗಿಂತ ಹೆಚ್ಚು. ಕೊಳಲಿನಷ್ಟು ಸಣ್ಣದಾದರೆ ಉಸಿರೇ ಒಳಗನ್ನು ತನ್ನ ಹದಕ್ಕೆ ತರುತ್ತದೆ. ಇಷ್ಟು ದೊಡ್ಡ ಹೊಟ್ಟೆ ಕೋಣೆಯ ಮಾತನ್ನೇ ಹೆಚ್ಚು ಕೇಳುತ್ತದೆ. ಮುಖ್ಯ ಸ್ಲೈಡನ್ನು ಹೊರಗೆಳೆಯುತ್ತಾ ಊದಿ. ಎರಡು ಬೆರಳು ಅಗಲಕ್ಕೆ ಅಲುಗಾಟ ನಿಧಾನವಾಯಿತು, ಇನ್ನೂ ಚೂರು ಎಳೆದರೆ ನಿಂತೇ ಹೋಯಿತು. ನಾಲ್ಕನೆಯದರ ಸ್ಲೈಡನ್ನೂ ಅದರ ಪಾಲಿನಷ್ಟು ಎಳೆಯಲು ಮರೆಯಬೇಡಿ. ಹಿಂದಿನ ಚಿಕ್ಕ ಸುತ್ತುಗಳ ಗೋಜು ಬೇಡ, ಅಷ್ಟು ಗಿಡ್ಡ ಕೊಳವೆಗೆ ಬರುವ ವ್ಯತ್ಯಾಸ ಮಿಲಿಮೀಟರಿನ ಮಾತು.

ಈ ಸೆಕೆಯಲ್ಲಿ ಒಂದು ಲಾಭವೂ ಇದೆ. ನೀರು ತುಂಬುವುದಿಲ್ಲ. ಉಸಿರಿನ ತೇವ ಹನಿಯಾಗುವುದು ಲೋಹ ಉಸಿರಿಗಿಂತ ತಣ್ಣಗಿದ್ದರೆ ಮಾತ್ರ. ಹೈದರಾಬಾದಿನ ಮೇ ಮಧ್ಯಾಹ್ನ ಹಿತ್ತಾಳೆಯೇ ಉಸಿರಿಗಿಂತ ಬಿಸಿ. ಡಿಸೆಂಬರಿನ ಬೆಳಗಿನಲ್ಲಿ ನೋಡಬೇಕು ಇದರ ಗುಳುಗುಳು. ಹಿಂದಿನ ಚಿಕ್ಕ ಕೊಳವೆಗಳಲ್ಲಿ ನಿಂತ ನೀರು ನೀರು-ಕೀಲಿ ಒತ್ತಿದರೆ ಹೊರಗೆ ಬರುವುದಿಲ್ಲ. ನಾಲ್ಕೂ ವಾಲ್ವ್ ಒತ್ತಿ ಊದಿ, ಆಮೇಲೆ ಇಡೀ ವಾದ್ಯವನ್ನು ಸ್ಟಿಯರಿಂಗ್ ತಿರುಗಿಸಿದಂತೆ ಮಗುಚಿ ಹಾಕಬೇಕು. ತೊಳೆಯುವಾಗಲೂ ಒಂದು ಎಚ್ಚರ: ಬೋರಿನ ಗಡಸು ನೀರು ಬೇಡ, ಬಿಸಿ ನೀರಂತೂ ಬೇಡವೇ ಬೇಡ, ಲ್ಯಾಕರ್ ಎದ್ದು ಬರುತ್ತದೆ.

ಸಂಜೆ ಬಾಗಿಲು ತಟ್ಟಿದವರು ಹಿಂದಿನ ಓಣಿಯ ಹಿರಿಯರು. ಮದುವೆ ಬ್ಯಾಂಡಿನಲ್ಲಿ ಯುಫೋನಿಯಂ ಊದಿ ವಯಸ್ಸು ಕಳೆದವರು. ದಿಬ್ಬಣಗಳಿಗೆ ಸಾಮಾನ್ಯವಾಗಿ ಬಳಸುವುದು ಮೂರು ವಾಲ್ವಿನ ವಾದ್ಯ. ಮೀರತ್ತಿನ ಜಾಲಿ ಕೋಠಿಯಿಂದ ದೇಶವಿಡೀ ಹೋಗುವಂಥದ್ದು. ಬ್ಯಾಂಡ್ ವಾದ್ಯಗಳ ನಾದಿರ್ ಅಲಿ ಕಂಪನಿ 1885ರಿಂದ ಮೀರತ್ತಿನಲ್ಲಿದೆ. ಹಿರಿಯರು ಚಪ್ಪಲಿ ಬಿಟ್ಟು ಒಳಗೆ ಬಂದು ಟ್ಯೂಬಾವನ್ನು ಒಂದು ಸುತ್ತು ನೋಡಿದರು. ಪಕ್ಕದ ಬಟನ್ ಕಂಡದ್ದೇ, “ಯೇ ಚೌಥಾ ಬಾಜೂ ಮೇ ಕಾಯ್ಕೂ?” ಈ ನಾಲ್ಕನೆಯದು ಪಕ್ಕದಲ್ಲಿ ಯಾಕೆ ಎಂದು.

ಮಾತಿನಲ್ಲಿ ಹೇಳುವುದಕ್ಕಿಂತ ಕೊಡುವುದೇ ಸಲೀಸು. ತೊಡೆಗೆ ಏರಿಸಿಕೊಂಡರು, ಕರವಸ್ತ್ರದಿಂದ ಮೌತ್‌ಪೀಸ್ ಒರೆಸಿದರು, ಊದಿದರು. ಎಪ್ಪತ್ತು ದಾಟಿದ ಎದೆಯಿಂದ ಬಂದ ಆ ದನಿಗೆ ಕಿಟಕಿಯ ಗಾಜು ಝಣ್ ಎಂದಿತು. ಷಡ್ಜದಿಂದ ಪಂಚಮಕ್ಕೆ ಇಳಿದರು; ಅವರ ಬೆರಳು ತಾನಾಗಿ ಒಂದು ಮತ್ತು ಮೂರಕ್ಕೆ ಹೋಯಿತು. ಮೂರು ವಾಲ್ವಿನವರ ಪಂಚಮ ಅದೇ. ಲೆಕ್ಕದಲ್ಲಿ ಅದು ಮೂವತ್ತು ಸೆಂಟ್ ಏರು. ಆದರೆ ಫೋನಿನ ತಂಬೂರಿಯ ಜೊತೆ ಕೇಳಿ, ಅಲುಗಾಟವೇ ಇಲ್ಲ! ತುಟಿಯಲ್ಲಿ ಇಳಿಸಿಬಿಟ್ಟಿದ್ದಾರೆ, ಇಳಿಸಿದ್ದು ಅವರಿಗೇ ಗೊತ್ತಿಲ್ಲ. ಈಗ ಅದನ್ನೇ ನಾಲ್ಕನೇ ವಾಲ್ವಿನಿಂದ ಹಿಡಿಯಿರಿ ಎಂದು ಕೇಳಿಕೊಳ್ಳಿ. ಎಡಗೈ ಹುಡುಕಿಕೊಂಡು ಹೋಗಿ ಒತ್ತಿತು, ತುಟಿ ಮಾತ್ರ ಹಳೇ ಅಭ್ಯಾಸದಂತೆ ಇಳಿಸಿತು, ಪಂಚಮ ಕುಸಿಯಿತು. ಹುಬ್ಬು ಗಂಟಿಕ್ಕಿ ಮತ್ತೆ ಊದಿದರು. ಮತ್ತೂ ಕೆಳಗೆ. ತಪ್ಪು ವಾದ್ಯದ್ದೇ ಎಂಬ ತೀರ್ಮಾನ ಅವರ ಮುಖದಲ್ಲಿ ಓದಬಹುದಿತ್ತು. ಕಾಂಪೆನ್ಸೇಟಿಂಗ್ ಎಂಬ ಯಂತ್ರವನ್ನು ಇವರು ಬಾಯಲ್ಲೇ ಕಟ್ಟಿಕೊಂಡಿದ್ದಾರೆ. ಎರಡೆರಡು ಇದ್ದರೆ ಹೀಗೇ ಆಗುವುದು. ಕೆಳಗಿಡುವಾಗ ಭುಜ ಉಜ್ಜಿಕೊಂಡು, ಇದನ್ನು ಹೊತ್ತು ಬರಾತಿನಲ್ಲಿ ನಡೆಯುವುದು ಆಗದ ಮಾತು ಎಂದರು. ಅದಂತೂ ನಿಜ.

ಅವರು ಚಹಾ ಕುಡಿಯುತ್ತಿರಲಿ, ನೀವು ಮಾಯಾಮಾಳವಗೌಳಕ್ಕೆ ಇಳಿಯಿರಿ. ಟ್ಯೂಬಾದಲ್ಲಿ ವರಸೆಯೇ ಎಂದು ಹುಬ್ಬೇರಿಸುವವರಿಗೆ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ಹೆಸರು ಸಾಕು. ಅವರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಗಮಕ ವಾಲ್ವಿನಲ್ಲಿ ಬರುವುದಿಲ್ಲ, ಆ ಮಾತು ಬೇರೆ. ಈ ಹೊತ್ತಿನ ಪ್ರಶ್ನೆ ಸ್ವರಸ್ಥಾನದ್ದು.

ಮೇಲಿನಿಂದಲೇ ಬನ್ನಿ, ಅವರೋಹಣ. ಷಡ್ಜ, ಬೆರಳಿಲ್ಲ. ನಿಷಾದ, ಎರಡು. ಧೈವತ, ಎರಡು-ಮೂರು. ಇದು ಕಾಂಪೆನ್ಸೇಷನ್ ಇಲ್ಲದ ಸೀಮೆ, ಹದಿನೈದು ಸೆಂಟ್ ಏರು ಉಳಿಯುತ್ತದೆ. ಪಂಚಮ, ನಾಲ್ಕು. ಗಾಳಿಯ ಹಾದಿ ಬದಲಾದದ್ದು ಎದೆಗೆ ತಿಳಿಯುತ್ತದೆ, ಎದುರಿನಿಂದ ಯಾರೋ ಹಗುರಾಗಿ ತಡೆಯುತ್ತಿರುವಂತೆ. ಮಧ್ಯಮ, ಒಂದು-ನಾಲ್ಕು: ತಂಬೂರಿಯೊಳಗೆ ಕರಗಿಹೋಯಿತು. ಗಾಂಧಾರ, ಒಂದು-ಎರಡು-ನಾಲ್ಕು. ಎಂಬತ್ತು ಸೆಂಟ್ ತಪ್ಪಬೇಕಾಗಿದ್ದ ಜಾಗ. ಕೇಳಿ. ಹತ್ತು ಸೆಂಟ್ ಆಸುಪಾಸು, ಅಷ್ಟೇ. ಬ್ಲೇಕ್ಲಿಯ ಎರಡು ಚಿಕ್ಕ ಕೊಳವೆಗಳು ದುಡಿಯುತ್ತಿವೆ.

ಈಗ ರಿಷಭ. ಎರಡೂ ಕೈ, ನಾಲ್ಕೂ ವಾಲ್ವ್. ಇದ್ದಬದ್ದ ಉಸಿರೆಲ್ಲ ತೆಗೆದುಕೊಳ್ಳಿ, ಇಲ್ಲಿ ಗಾಳಿ ಸೋರಿ ಹೋದಂತೆ ಖರ್ಚಾಗುತ್ತದೆ. ಸೆಕೆಂಡಿಗೆ ನಲವತ್ತೊಂದರ ಆಸುಪಾಸಿನ ಕಂಪನ. ಫೋನಿನ ಪುಟ್ಟ ಸ್ಪೀಕರು ಇಂಥ ಸ್ವರದ ಬುಡವನ್ನು ಕೇಳಿಸಲಾರದು, ನಿಮಗೆ ಅದು ತೊಡೆಯಲ್ಲಿ, ಕುರ್ಚಿಯ ಹಲಗೆಯಲ್ಲಿ ಸಿಗುತ್ತದೆ. ಸ್ವರ ಇದೆ. ಆದರೆ ಶುದ್ಧ ರಿಷಭವೇ? ಅದಕ್ಕೂ ಚತುಃಶ್ರುತಿಗೂ ನಡುವೆ ಎಲ್ಲೋ ನಿಂತಿದೆ, ಐವತ್ತು ಸೆಂಟ್ ಹತ್ತಿರ ಮೇಲೆ.

ಕ್ಯಾಟಲಾಗುಗಳು ಇದನ್ನು ಹೇಳುವುದಿಲ್ಲ. ಕಾಂಪೆನ್ಸೇಟಿಂಗ್ ಎಂದರೆ ಎಲ್ಲ ಸ್ವರ ತಾನಾಗಿ ಸರಿಯಾಗುವುದು ಎಂಬಂತೆ ಬರೆಯುತ್ತಾರೆ. ಈ ಯಂತ್ರ ಸರಿದೂಗಿಸುವುದು ನಾಲ್ಕನೆಯದರಿಂದ ಬಂದ ಕೊರತೆಯನ್ನು ಮಾತ್ರ. ಒಂದು, ಎರಡು, ಮೂರು ತಮ್ಮತಮ್ಮಲ್ಲೇ ಕೂಡಿದಾಗ ಬೀಳುವ ಕೊರತೆ ಹಾಗೇ ಉಳಿದಿದೆ. ಮೇಲಿನ ಸ್ಥಾಯಿಯಲ್ಲಿ ಅದನ್ನು ನಾಲ್ಕನೆಯದರಿಂದ ತಪ್ಪಿಸಿಕೊಳ್ಳಬಹುದು. ಇಲ್ಲಿ, ತಳದಲ್ಲಿ, ಬೇರೆ ಬೆರಳೇ ಇಲ್ಲ.

ಮೂರನೇ ಸ್ಲೈಡನ್ನು ಎರಡು ಸೆಂಟಿಮೀಟರ್ ಎಳೆಯಿರಿ. ಧೈವತ ಸರಿಹೋಯಿತು, ಇದು ಅದಕ್ಕೂ ಬೇಕಿತ್ತು. ಅಷ್ಟು ದೂರಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ರಿಷಭ ಇಳಿದದ್ದು ಬರೀ ಹತ್ತು ಸೆಂಟ್. ಇನ್ನೂ ಎಳೆದರೆ ಧೈವತ ಕೆಡುತ್ತದೆ. ಉಳಿದ ನಲವತ್ತಕ್ಕೆ ಹಿತ್ತಾಳೆಯಲ್ಲಿ ಉಪಾಯವಿಲ್ಲ.

ಚಹಾದ ಲೋಟ ಕೆಳಗಿಟ್ಟ ಹಿರಿಯರು ಗದ್ದವನ್ನು ಕೆಳಗೆ ಸರಿಸಿ, ಕೆನ್ನೆಯೊಳಗೆ ಜಾಗ ಮಾಡಿ, ತುಟಿ ಸಡಿಲಿಸಿ ತೋರಿಸಿದರು. ವಾದ್ಯ ಮುಟ್ಟಲಿಲ್ಲ, ಬರೀ ಬಾಯಿ. “ಐಸಾ.” ಹಾಗೆಯೇ ಊದಿ ನೋಡಿ. ಇಷ್ಟು ಕೆಳಗೆ ಸ್ವರ ತುಟಿಯ ಮಾತು ಕೇಳುತ್ತದೆ, ಮೇಲಿನ ಸ್ವರಗಳ ಹಟ ಇಲ್ಲಿಲ್ಲ. ಅಲುಗಾಟ ನಿಧಾನವಾಯಿತು. ಇನ್ನೂ ನಿಧಾನ. ಉಸಿರು ಮುಗಿಯಿತು.

ಮೊದಲನೇ ಕಾಲದಲ್ಲೇ ಮತ್ತೊಮ್ಮೆ, ಷಡ್ಜದಿಂದ.